ಇಸ್ಪೀಟ್ ಎಲೆಯ ಮೇಲೆ ಕೊಲಾಜ್: ಉಜ್ಜಿದರೆ ಸಾಕೋ, ಜೆಸ್ಸೋ ಬೇಕೋ?

ಇಸ್ಪೀಟ್ ಎಲೆಯ ನುಣುಪು ಲೇಪನದ ಮೇಲೆ ಅಂಟೂ ಬಣ್ಣವೂ ಸರಿಯಾಗಿ ಹಿಡಿಯುವುದಿಲ್ಲ. ಉಗುರಿನಿಂದ ಕೆರೆದರೆ ಸಿಪ್ಪೆಯಂತೆ ಏಳುತ್ತದೆ. ಇದಕ್ಕೆ ಎಲೆಯನ್ನು ಬರೀ ಉಜ್ಜಬಹುದು, ಇಲ್ಲವೇ ಉಜ್ಜಿದ ಮೇಲೆ ಜೆಸ್ಸೋ, ಅಂದರೆ ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ಲೇಪ, ಕೊಡಬಹುದು.

ಬರೀ ಕಾಗದ ಅಂಟಿಸುವವರಿಗೆ ಉಜ್ಜುವುದೇ ಸಾಕು. 220 ನಂಬರಿನ ಪಾಲಿಶ್ ಪೇಪರಿನಿಂದ ಹೊಳಪು ಹೋಗುವವರೆಗೆ ಹಗುರವಾಗಿ ತಿಕ್ಕಿ, ಪುಡಿಯನ್ನು ಒಣಬಟ್ಟೆಯಿಂದ ಒರೆಸಿ. ಖರ್ಚು ಕಡಿಮೆ. ಆದರೆ ರಾಜ-ರಾಣಿಯ ಬಣ್ಣ ತೆಳು ಕಾಗದದಡಿಯಿಂದ ಇಣುಕುತ್ತದೆ, ಅಂಚನ್ನು ಜೋರಾಗಿ ತಿಕ್ಕಿದರೆ ಪದರ ಬಿಚ್ಚಿಕೊಳ್ಳುತ್ತದೆ.

ಬಣ್ಣ ಹಚ್ಚುವುದಿದ್ದರೆ, ಅದರಲ್ಲೂ ಬೀದರಿನ ಬಿದ್ರಿ ಕಲೆಯ ಬಳ್ಳಿ ಚಿತ್ತಾರವನ್ನು ಕಪ್ಪಿನ ಮೇಲೆ ಬೆಳ್ಳಿ ಬಣ್ಣದಲ್ಲಿ ಬಿಡಿಸುವುದಿದ್ದರೆ, ಜೆಸ್ಸೋ ಬೇಕೇ ಬೇಕು. ಕಪ್ಪು ಜೆಸ್ಸೋನೇ ತಗೊಳ್ಳಿ. ಉಜ್ಜಿದ ಮೇಲೆ ಎರಡು ತೆಳು ಕೋಟ್: ಮೊದಲನೆಯದು ಉದ್ದಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ಒಂದೇ ಬದಿಗೆ ಹಚ್ಚಿದರೆ ಎಲೆ ಬಾಗುತ್ತದೆ, ಯಾಕೆಂದರೆ ಆ ಬದಿಯಷ್ಟೇ ನೀರು ಹೀರಿ ಉಬ್ಬಿ, ಒಣಗುವಾಗ ಎಳೆದುಕೊಳ್ಳುತ್ತದೆ. ಹಿಂಬದಿಗೂ ಒಂದು ಕೋಟ್ ಕೊಡಿ. ಪೂರ್ತಿ ಒಣಗಿದ ಮೇಲೆ ಬಟರ್ ಪೇಪರ್ ನಡುವೆ ಇಟ್ಟು ದಪ್ಪ ಪುಸ್ತಕ ಹೇರಿ. ಕಲಬುರಗಿಯ ಏಪ್ರಿಲ್-ಮೇ ಸೆಕೆಯಲ್ಲಿ ಜೆಸ್ಸೋ ಬ್ರಷ್‌ನಲ್ಲೇ ಗಟ್ಟಿಯಾಗಿ ಗೆರೆ ಮೂಡುತ್ತವೆ. ಬೆಳಿಗ್ಗೆ ಬೇಗ, ಫ್ಯಾನ್ ಆರಿಸಿ ಹಚ್ಚಿ.

ಪ್ಲಾಸ್ಟಿಕ್ ಎಲೆಗೆ ಉಜ್ಜುವುದು, ಜೆಸ್ಸೋ ಎರಡೂ ಬೇಕು. ನೀರು ಹೀರದ ಕಾರಣ ಬಾಗುವ ಭಯ ಕಡಿಮೆ, ಆದರೆ ಮಡಚಿದರೆ ಲೇಪ ಬಿರಿಯುತ್ತದೆ.