ಓಟಿಜಿ ಒಳ್ಳೆಯದೇ, ಅದರ ಇಕ್ಕಳ ಮಾತ್ರ ನಂಬಬೇಡಿ: ನಾಲ್ಕು ಬೇಸಿಗೆಯ ಬಳಕೆಯ ನಂತರ

ಅಕ್ಕನ ಮಕ್ಕಳು ಬೆಂಗಳೂರಿನಿಂದ ರಜೆಗೆ ಬರುವ ಮೊದಲು ಮನೆಗೆ ಬಂದ ಓಟಿಜಿ (ಒವನ್, ಟೋಸ್ಟರ್, ಗ್ರಿಲ್ಲರ್ ಮೂರೂ ಸೇರಿದ ಕರೆಂಟಿನ ಒಲೆ) ಇದು, 28 ಲೀಟರಿನದು. ಆರೂವರೆ ಸಾವಿರ ಕೊಟ್ಟಿದ್ದೆ. ಅದಕ್ಕಿಂತ ಹೆಚ್ಚು ಹಾಕುವ ಅನುಕೂಲ ಆಗ ಇರಲಿಲ್ಲ. ಈಗ ಇದಕ್ಕೆ ನಾಲ್ಕು ಬೇಸಿಗೆ ಆಯಿತು. ಬಿಸಿಯಾಗುವುದು, ಬೇಯಿಸುವುದು ಎಲ್ಲ ಸರಿಯಿದೆ. ಆದರೆ ಇದರ ಜೊತೆ ಕೊಡುವ ಇಕ್ಕಳದ ವಿಷಯ ಮೊದಲೇ ಹೇಳಬೇಕು. ನಾನು ಕೊಳ್ಳುವಾಗ ಓದಿದ ಯಾವ ವಿಮರ್ಶೆಯಲ್ಲೂ ಅದಿರಲಿಲ್ಲ.

ಟ್ರೇ ಎತ್ತಲಿಕ್ಕೆ ಕೊಟ್ಟ ಆ ಇಕ್ಕಳದ ತುದಿಯಲ್ಲಿ ಎರಡು ಕೊಕ್ಕೆಗಳಿವೆ. ಖಾಲಿ ಟ್ರೇಗೆ ಚೆನ್ನಾಗಿ ಕೂರುತ್ತದೆ. ಭಾರ ಬಿದ್ದರೆ ಸಾಕು, ಟ್ರೇ ಮುಂದಕ್ಕೆ ವಾಲುತ್ತದೆ. ಮೊದಲ ವರ್ಷವೇ ಹಿಪ್ಪುನೇರಳೆ ಕೇಕು ಅರ್ಧ ಒವನ್ನಿನ ಬಾಗಿಲ ಮೇಲೆ, ಅರ್ಧ ನೆಲದ ಮೇಲೆ ಬಿತ್ತು. ಹಿಪ್ಪುನೇರಳೆ ಒಟ್ಟಿಗೆ ಹಣ್ಣಾಗುವುದಿಲ್ಲ, ದಿನಕ್ಕೆ ಒಂದು ಮುಷ್ಟಿ ಸಿಕ್ಕಿದರೆ ಹೆಚ್ಚು. ಪಿಕಳಾರ ಹಕ್ಕಿಗಳು ಏಳುವ ಮೊದಲೇ ಎದ್ದು, ಮಕ್ಕಳು ನಾಲ್ಕು ದಿನ ಕೊಯ್ದು ಫ್ರಿಜ್ಜಿನಲ್ಲಿ ಕೂಡಿಟ್ಟ ಹಣ್ಣು ಅದು. ಸಣ್ಣವಳು ನೇರಳೆ ಬಣ್ಣದ ಬೆರಳುಗಳಲ್ಲಿ ಮುಖ ಮುಚ್ಚಿಕೊಂಡು ಅತ್ತದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಂಪನಿಗೆ ದೂರು ಕೊಟ್ಟೆ. ಹದಿನೈದು ದಿನ ಬಿಟ್ಟು ಅಂಥದ್ದೇ ಇನ್ನೊಂದು ಇಕ್ಕಳ ಕಳಿಸಿದರು. ಈ ವಿಷಯದಲ್ಲಿ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ.

"ನಿಲ್ಲು ಮಗಾ, ನಾನೊಂದು ಹಿಡಿಬಟ್ಟೆ ಹಾಕಿ ಕೊಡ್ತೇನೆ" ಅಂದದ್ದು ಅಮ್ಮ. ಉಡುಪಿಯ ಸೆಕೆಯಲ್ಲಿ ಸ್ವೆಟರ್ ಯಾರಿಗೂ ಬೇಡ, ಆದರೂ ಅಮ್ಮನ ಕೈಯಲ್ಲಿ ಉಲ್ಲನ್ ಇಲ್ಲದ ಮಧ್ಯಾಹ್ನವೇ ಇಲ್ಲ. ಬಾಗಿಲ ತೋರಣ, ಟಿವಿ ಮೇಲಿನ ಹೊದಿಕೆ, ಮಕ್ಕಳಿಗೆ ಗೊಂಬೆ ಎಲ್ಲ ಕ್ರೋಶಾದಲ್ಲೇ. ಎರಡೇ ದಿನದಲ್ಲಿ ಕೆಂಪು ಹಳದಿ ಹಿಡಿಬಟ್ಟೆ ತಯಾರಾಯಿತು. ಮೊದಲ ಸಲ ಟ್ರೇ ಎತ್ತುವಾಗಲೇ ಅದರ ಅಂಚು ಮೇಲಿನ ಕೆಂಪಗೆ ಕಾದ ರಾಡಿಗೆ ತಾಗಿ, ಪ್ಲಾಸ್ಟಿಕ್ಕಿನ ಹಾಗೆ ಕರಗಿ ಅಂಟಿಕೊಂಡಿತು. ಅಂಗಡಿಯವರು ಉಲ್ಲನ್ ಅಂತ ಕೊಟ್ಟದ್ದು ಆಕ್ರಿಲಿಕ್. ನೂಲಿನ ತುದಿಗೆ ಬೆಂಕಿ ಹಿಡಿದರೆ ಗೊತ್ತಾಗುತ್ತದೆ: ಆಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ, ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ.

ಮಾವ ಹಿಮಾಚಲ ಪ್ರವಾಸದಿಂದ ತಂದ ಶುದ್ಧ ಉಣ್ಣೆಯ ಎರಡು ಉಂಡೆ ಕಪಾಟಿನಲ್ಲಿತ್ತು. ಅಮ್ಮ ಅದರಲ್ಲಿ ಬೇಕೆಂದೇ ಅಗಲವಾಗಿ, ಸಡಿಲವಾಗಿ ಹೆಣೆದರು. ಆಮೇಲೆ ಬಾವಿಕಟ್ಟೆಯ ಪಕ್ಕದ ಒಗೆಯುವ ಕಲ್ಲಿನ ಮೇಲೆ ಹಾಕಿ, ಬಿಸಿನೀರು ಹೊಯ್ದು, ಬಾರ್ ಸೋಪು ಹಚ್ಚಿ ಉಜ್ಜಿದ್ದೇ ಉಜ್ಜಿದ್ದು. ಉಣ್ಣೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಕುಗ್ಗುತ್ತಾ ಬಂದವು, ಕ್ರೋಶಾದ ತೂತುಗಳೆಲ್ಲ ಮುಚ್ಚಿಹೋದವು. ಒಂದು ಗೇಣಿಗಿಂತ ದೊಡ್ಡದಿದ್ದದ್ದು ಅಂಗೈ ಅಗಲಕ್ಕೆ ಬಂತು, ಕಂಬಳಿಯಷ್ಟು ದಪ್ಪ. ಮೂರು ವರ್ಷದಿಂದ ಅದೇ ಜೋಡಿ ಇದೆ. ರಾಡಿಗೆ ತಾಗಿದಲ್ಲಿ ಸ್ವಲ್ಪ ಕರಿಯಾಗಿದೆ, ಕರಗಿಲ್ಲ. ಒದ್ದೆಯಾಗಿರುವಾಗ ಮಾತ್ರ ಮುಟ್ಟಬಾರದು. ನೀರು ಬಿಸಿಯನ್ನು ಸೀದಾ ಕೈಗೆ ತರುತ್ತದೆ. ಜೂನ್ ತಿಂಗಳ ಒಂದು ಸಂಜೆ ನನ್ನ ಹೆಬ್ಬೆರಳಲ್ಲಿ ಬೊಬ್ಬೆ ಎದ್ದದ್ದು ಹಾಗೆ.

ಹಿಡಿಬಟ್ಟೆ ಕೈಗೆ ಬಂದ ಮೇಲೆ ನನಗೆ ಈ ಒವನ್ ಮೇಲೆ ಪ್ರೀತಿ ಹುಟ್ಟಿತು, ಸುಳ್ಳಲ್ಲ. ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸುತ್ತಿದ್ದ ನನ್ನ ಅಜ್ಜಿಗೆ ಮೇಲೆ ಕೆಳಗೆ ರಾಡು ಎಂದರೆ ಏನೆಂದು ವಿವರಿಸಬೇಕಾಗಲಿಲ್ಲ. ನಮ್ಮದು ಮೊಟ್ಟೆಯಿಲ್ಲದ ಅಡುಗೆ, ಮೊಸರು ಮತ್ತು ಸೋಡಾ. ಸೋಡಾ ಒಂದು ಚಿಟಿಕೆ ಹೆಚ್ಚಾದರೂ ಹಿಪ್ಪುನೇರಳೆಯ ಬಣ್ಣ ಬೂದಿ ನೀಲಿಗೆ ತಿರುಗುತ್ತದೆ. ಅರ್ಧ ಲಿಂಬೆ ಹಿಂಡಿದರೆ ಕೆಂಪು ಉಳಿಯುತ್ತದೆ. 170 ಡಿಗ್ರಿ, ಸುಮಾರು 40 ನಿಮಿಷ. ಕೊನೆಯ ಹತ್ತು ನಿಮಿಷ ಮಕ್ಕಳು ಗಾಜಿನ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಟೈಮರಿನ ಟಿಂಗ್ ಸದ್ದಿಗೆ ಕಾಯುತ್ತಾರೆ. ಅಮ್ಮ ಪಕ್ಕದಲ್ಲೇ ಕೂತು ಹೆಣೆಯುತ್ತಾರೆ, ಟಿಂಗ್ ಆಗುವಾಗ ಎಷ್ಟನೆಯ ಸಾಲು ಎಂದು ಎಣಿಸಿ ಹೇಳುವುದು ಸಣ್ಣವಳ ಕೆಲಸ.

ಮಳೆಗಾಲದಲ್ಲಿ ಇನ್ನೊಂದು ಉಪಕಾರವಿದೆ. ಪತ್ತನಾಜೆ (ಮೇ ಕೊನೆಗೆ ಬರುವ ತುಳುನಾಡಿನ ಆಚರಣೆಯ ದಿನ) ಕಳೆದು ಮಳೆ ಹಿಡಿಯಿತೆಂದರೆ ಡಬ್ಬದ ಚಕ್ಕುಲಿ ಮೆತ್ತಗಾಗುತ್ತದೆ. ಕೇಕು ತೆಗೆದು ಸ್ವಿಚ್ ಆರಿಸಿದ ಮೇಲೂ ಒಳಗೆ ಬಿಸಿ ಇರುತ್ತದಲ್ಲ, ಆಗ ಚಕ್ಕುಲಿ ಹರಡಿ ಹತ್ತು ನಿಮಿಷ ಇಡಿ. ತಣಿದ ಮೇಲೆ ಕಟುಂ ಅನ್ನುತ್ತದೆ. ಕರೆಂಟೂ ಖರ್ಚಿಲ್ಲ.

ವಾರಕ್ಕೊಮ್ಮೆ ಬೇಯಿಸುವವರಿಗೆ ಈ ದುಡ್ಡಿಗೆ ಇದು ಸಾಕು. ಗೋಡೆಯಲ್ಲಿ 16 ಆಂಪಿಯರ್ ಪ್ಲಗ್ ಇದೆಯೇ ನೋಡಿಕೊಳ್ಳಿ. ಇಕ್ಕಳವನ್ನು ಪೆಟ್ಟಿಗೆಯಲ್ಲೇ ಬಿಟ್ಟುಬಿಡಿ. ಈ ಮೇ ತಿಂಗಳಲ್ಲಿ ಸಣ್ಣವಳು ತಾನೇ ಒಂದು ಹಿಡಿಬಟ್ಟೆ ಶುರುಮಾಡಿದ್ದಾಳೆ. ಹನ್ನೊಂದು ಸಾಲು ಆಗಿದೆ. ಉಳಿದದ್ದನ್ನು ಅಜ್ಜಿ, ಅಂದರೆ ನನ್ನ ಅಮ್ಮ, ಮುಟ್ಟಬಾರದೆಂದು ಹೇಳಿ, ಕಡ್ಡಿ ಸಮೇತ ಬೆಂಗಳೂರಿಗೆ ತೆಗೆದುಕೊಂಡು ಹೋಗಿದ್ದಾಳೆ.