ಸಹಿ ಬಿದ್ದ ಮೇಲೂ ನಿಲ್ಲದ ಯುದ್ಧ: ‘ದಿ ಫ್ರಂಟ್ ಲೈನ್’ ನೋಡಲೇಬೇಕಾದ ಸಿನಿಮಾ

ಕೊರಿಯಾ ಯುದ್ಧದ ಬಗ್ಗೆ ಒಂದೇ ಒಂದು ಸಿನಿಮಾ ನೋಡೋಣ ಅಂತಿದ್ದರೆ ‘ದಿ ಫ್ರಂಟ್ ಲೈನ್’ ನೋಡಿ. 2011ರಲ್ಲಿ ಬಂದ ದಕ್ಷಿಣ ಕೊರಿಯಾದ ಚಿತ್ರ, ನಿರ್ದೇಶಕ ಜಾಂಗ್ ಹೂನ್. ಇದನ್ನು ಕೇಳಿದ ಕೂಡಲೇ ಹಲವರು ‘ತೇಗುಕ್ಗಿ’ ಹೆಸರು ತೆಗೀತಾರೆ. 2004ರ ಆ ಚಿತ್ರವೂ ಒಳ್ಳೆಯದೇ, ತಮ್ಮನನ್ನು ಮನೆಗೆ ಕಳಿಸಲಿಕ್ಕಾಗಿ ಪದಕದ ಬೆನ್ನು ಹತ್ತುವ ಅಣ್ಣನ ಕಥೆ, ಚೆನ್ನಾಗಿ ಅಳಿಸುತ್ತದೆ, ಅವರ ದೇಶದಲ್ಲಿ 1 ಕೋಟಿಗೂ ಜಾಸ್ತಿ ಟಿಕೆಟ್ ಮಾರಾಟವಾಗಿತ್ತು. ಆದರೆ ಅಲ್ಲಿ ಅಣ್ಣತಮ್ಮಂದಿರು ಮುಂದೆ, ಯುದ್ಧ ಹಿಂದೆ. ಇಲ್ಲಿ ಯುದ್ಧ ಯಾಕೆ ನಿಲ್ಲಲಿಲ್ಲ ಅನ್ನೋದೇ ಕಥೆ.

ನೋಡುವ ಮುಂಚೆ ಒಂಚೂರು ಹಿನ್ನೆಲೆ ತಿಳಿದಿದ್ದರೆ ಒಳ್ಳೆಯದು. 1950ರ ಜೂನ್ 25ಕ್ಕೆ ಉತ್ತರದ ಸೈನ್ಯ ಗಡಿ ದಾಟಿತು, ಮೂರೇ ದಿನಕ್ಕೆ ಸೋಲ್ ನಗರ ಕೈತಪ್ಪಿತು. ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪಡೆ ಇಂಚಾನ್ ಬಳಿ ದಡಕ್ಕೆ ಇಳಿಯಿತು, ಅಕ್ಟೋಬರ್‌ನಲ್ಲಿ ಉತ್ತರದ ಪರವಾಗಿ ಚೀನಾ ನುಗ್ಗಿತು, ಹೀಗೆ ಮೇಲೆ ಕೆಳಗೆ ಓಡಾಡಿದ ಯುದ್ಧ ಒಂದು ವರ್ಷದೊಳಗೆ ಶುರುವಾದ ಜಾಗದ ಹತ್ತಿರಕ್ಕೇ ಬಂದು ನಿಂತಿತು. ಓದುವವರೂ ಇಲ್ಲಿಗೇ ಪುಸ್ತಕ ಮುಚ್ಚಿಬಿಡ್ತಾರೆ. ಆದರೆ 1951ರ ಜುಲೈನಲ್ಲಿ ಶುರುವಾದ ಮಾತುಕತೆ ಮುಗಿಯಲು ಎರಡು ವರ್ಷ ಹಿಡಿಯಿತು. ಊರಿಗೆ ಹೋಗಲ್ಲ ಅನ್ನುವ ಯುದ್ಧ ಕೈದಿಗಳನ್ನು ಬಲವಂತವಾಗಿ ಕಳಿಸಬೇಕೋ ಬೇಡವೋ ಅನ್ನುವ ಒಂದು ವಿಷಯವೇ ಎಷ್ಟೋ ತಿಂಗಳು ತಿಂದಿತು. ಅಷ್ಟೂ ದಿನ ಗುಡ್ಡಗಳ ಮೇಲೆ ಜನ ಸಾಯ್ತಾನೇ ಇದ್ದರು. ಯಾಕೆಂದರೆ ಕದನ ವಿರಾಮ ಜಾರಿಗೆ ಬರುವ ಹೊತ್ತಿಗೆ ಯಾರು ಎಲ್ಲಿ ನಿಂತಿರ್ತಾರೋ ಅಲ್ಲೇ ಗೆರೆ ಎಳೆಯುವುದು ಅಂತ ತೀರ್ಮಾನವಾಗಿತ್ತು.

ಸಿನಿಮಾ ಇರೋದು ಈ ಕೊನೆಯ ಭಾಗದಲ್ಲಿ, 1953ರಲ್ಲಿ. ಗುಡ್ಡ ಕಲ್ಪನೆಯದು, ಆದರೆ ಅಂಥ ಗುಡ್ಡಗಳು ನಿಜವಾಗಿಯೂ ಇದ್ದವು. 1952ರ ಅಕ್ಟೋಬರ್‌ನಲ್ಲಿ ಚೊರ್ವನ್ ಹತ್ತಿರದ ಬಿಳಿ ಕುದುರೆ ಗುಡ್ಡಕ್ಕಾಗಿ ದಕ್ಷಿಣದವರೂ ಚೀನೀಯರೂ ಹತ್ತು ದಿನ ಬಡಿದಾಡಿದ್ದರು, ಗುಡ್ಡ ಇವರಿಂದ ಅವರಿಗೆ, ಅವರಿಂದ ಇವರಿಗೆ ಹೋಗ್ತಾನೇ ಇತ್ತು. ಚಿತ್ರದಲ್ಲಿ ಅಂಥದೇ ಒಂದು ಗುಡ್ಡಕ್ಕೆ ಸೇನೆಯ ತನಿಖಾಧಿಕಾರಿಯೊಬ್ಬ ಬರುತ್ತಾನೆ. ಅಲ್ಲಿನ ಕಂಪನಿ ಕಮಾಂಡರ್ ಸತ್ತಿದ್ದಾನೆ, ದೇಹದಲ್ಲಿ ಸಿಕ್ಕ ಗುಂಡು ತಮ್ಮದೇ ಸೈನ್ಯದ ಪಿಸ್ತೂಲಿನದು. ಜೊತೆಗೆ ಉತ್ತರದ ಸೈನಿಕನೊಬ್ಬ ದಕ್ಷಿಣದಲ್ಲಿರುವ ಮನೆಯವರಿಗೆ ಬರೆದ ಕಾಗದ ದಕ್ಷಿಣದ ಸೇನೆಯ ಅಂಚೆಯಲ್ಲೇ ಹೋಗಿದೆ. ಶತ್ರುವಿಗೆ ಒಳಗಿನಿಂದ ಸಹಾಯ ಮಾಡ್ತಿರೋರು ಯಾರು?

ಉತ್ತರ ಸಿಗುವ ದೃಶ್ಯವೇ ಇಡೀ ಚಿತ್ರದ ಜೀವ. ಎರಡೂ ಕಡೆಯವರು ಗುಡ್ಡ ಬಿಟ್ಟು ಓಡುವಾಗ ಒಂದು ಪೆಟ್ಟಿಗೆಯಲ್ಲಿ ಎದುರಾಳಿಗೆ ಅಂತ ಮದ್ಯ, ಸಿಗರೇಟು, ಕಾಗದ ಇಟ್ಟು ಹೂತು ಹೋಗ್ತಿರ್ತಾರೆ. ನಾಳೆ ಅವರು ಈ ಬಂಕರ್‌ಗೆ ಬರ್ತಾರೆ, ನಾಡಿದ್ದು ನಾವು. ಶುರುವಿನಲ್ಲಿ ಬೈಗುಳದ ಚೀಟಿಗಳು, ಆಮೇಲೆ ಊರಿನ ಕಾಗದಗಳು. ಇದನ್ನು ದೊಡ್ಡ ಸಂಗೀತ ಹಾಕಿ ಕಣ್ಣೀರು ತರಿಸುವ ಹಾಗೆ ಮಾಡಬಹುದಿತ್ತು, ಜಾಂಗ್ ಹೂನ್ ಹಾಗೆ ಮಾಡಿಲ್ಲ. ಅದು ಸೈನಿಕರಿಗೆ ಮಾಮೂಲಿ ವಿಷಯ ಅನ್ನುವ ಹಾಗೆ ತೋರಿಸಿದ್ದಾರೆ, ಅದಕ್ಕೇ ಅದು ಅಷ್ಟು ನಾಟುತ್ತದೆ.

ಕಾದಾಟದ ದೃಶ್ಯಗಳು ಬಹಳ ಕಷ್ಟಪಟ್ಟು ತೆಗೆದಂಥವು. ಮರವೇ ಇಲ್ಲದ ಬೋಳು ಇಳಿಜಾರು, ಅದನ್ನು ಉಸಿರುಗಟ್ಟಿಕೊಂಡು ಹತ್ತುವ ಹುಡುಗರು, ಅವರ ಜೊತೆಗೇ ಹತ್ತುವ ಕ್ಯಾಮೆರಾ. ನೋಡ್ತಾ ನೋಡ್ತಾ ನಮಗೇ ಸುಸ್ತಾಗುತ್ತದೆ. ಶಿನ್ ಹಾ-ಕ್ಯುನ್, ಗೋ ಸೂ ಇಬ್ಬರೂ ಮುಖ್ಯ ಪಾತ್ರಗಳಲ್ಲಿ ಚೆನ್ನಾಗಿದ್ದಾರೆ. ಆದರೆ ನನಗೆ ಜಾಸ್ತಿ ಇಷ್ಟವಾಗಿದ್ದು ಎಳೇ ವಯಸ್ಸಿಗೇ ಕಂಪನಿ ನಡೆಸುವ, ಮಾರ್ಫಿನ್ ಇಲ್ಲದೆ ನಿಲ್ಲಲಾರದ ಕ್ಯಾಪ್ಟನ್ ಆಗಿ ಲೀ ಜೆ-ಹೂನ್.

ಕೊರತೆಗಳೂ ಇವೆ. ಉತ್ತರದ ಮಹಿಳಾ ಸ್ನೈಪರ್ ಪಾತ್ರ ಶುರುವಿನಲ್ಲಿ ಭಯ ಹುಟ್ಟಿಸುತ್ತದೆ, ಆಮೇಲೆ ಅದಕ್ಕೊಂದು ಭಾವುಕ ಎಳೆ ಅಂಟಿಸಿ ಹಾಳು ಮಾಡಿದ್ದಾರೆ. ಈ ಕಂಪನಿಯವರು ಹಿಂದೆ ಪೋಹಾಂಗ್ ಊರಿನಲ್ಲಿ ಅನುಭವಿಸಿದ ಘಟನೆಯನ್ನು ಅಷ್ಟು ಹೊತ್ತು ಮುಚ್ಚಿಟ್ಟು ಎಳೆಯುವ ಅಗತ್ಯ ಇರಲಿಲ್ಲ. ಚೀನೀ ಸೈನಿಕರಿಗಂತೂ ಮುಖವೇ ಇಲ್ಲ, ಕತ್ತಲಲ್ಲಿ ನುಗ್ಗಿ ಬರುವ ಗುಂಪು ಅಷ್ಟೇ. ಉತ್ತರದವರನ್ನು ಮನುಷ್ಯರಾಗಿ ತೋರಿಸಲು ಇಷ್ಟು ಶ್ರಮಪಟ್ಟ ಸಿನಿಮಾ ಇವರ ವಿಷಯದಲ್ಲಿ ಯಾಕೆ ಹೀಗೆ ಮಾಡಿತು?

ಕೊನೆಯ ಅರ್ಧ ಗಂಟೆ ಮಾತ್ರ ಇವನ್ನೆಲ್ಲ ಮರೆಸಿಬಿಡುತ್ತದೆ. 1953ರ ಜುಲೈ 27ರ ಬೆಳಗ್ಗೆ 10 ಗಂಟೆಗೆ ಪಾನ್‌ಮುಂಜೋಮ್‌ನಲ್ಲಿ ಸಹಿ ಬಿತ್ತು. ಜಾರಿಗೆ ಬರೋದು ರಾತ್ರಿ 10ಕ್ಕೆ. ನಡುವೆ 12 ಗಂಟೆ. ಯುದ್ಧ ಮುಗೀತು ಅಂತ ಕುಣಿದಾಡಿದ ಹುಡುಗರಿಗೆ, ಇನ್ನೂ ಹೊತ್ತಿದೆ, ಆ ಗುಡ್ಡ ಬೇಕು, ಹೊರಡಿ ಅಂತ ಆದೇಶ ಬಂದಾಗ ಅವರ ಮುಖಗಳನ್ನು ನೋಡಬೇಕು. ಮುಂದೇನಾಗುತ್ತೆ ಅಂತ ಹೇಳಲ್ಲ.

ಸುಮಾರು ಎರಡೂಕಾಲು ಗಂಟೆಯ ಸಿನಿಮಾ. ರಕ್ತ ಜಾಸ್ತಿ, ಮಕ್ಕಳ ಜೊತೆ ಬೇಡ. ಕೊರಿಯನ್ ಭಾಷೆಯಲ್ಲೇ ಸಬ್‌ಟೈಟಲ್ ಇಟ್ಟುಕೊಂಡು ನೋಡಿ.

ನನಗೆ ಇನ್ನೊಂದು ಆಸೆ ಇದೆ. ಮಾತುಕತೆಯನ್ನು ಅಷ್ಟು ದಿನ ತಡೆದಿದ್ದ ಆ ಕೈದಿಗಳ ವಿಷಯ ಕದನ ವಿರಾಮದ ಮೇಲೂ ಮುಗಿಯಲಿಲ್ಲ. ಊರಿಗೆ ಹೋಗಲ್ಲ ಎಂದ 22 ಸಾವಿರಕ್ಕೂ ಹೆಚ್ಚು ಜನರ ಉಸ್ತುವಾರಿಗೆ ತಟಸ್ಥ ದೇಶಗಳ ಆಯೋಗ ಮಾಡಿದರು, ಅದರ ಅಧ್ಯಕ್ಷರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಕಾವಲಿಗೆ ನಿಂತವರು ಭಾರತದ ಸೈನಿಕರು. ಎರಡೂ ಕೊರಿಯಾ ಬೇಡ, ಚೀನಾನೂ ಬೇಡ, ತೈವಾನೂ ಬೇಡ ಎಂದ ಕೆಲವರು ಕೊನೆಗೆ ಭಾರತಕ್ಕೇ ಬಂದರು. ‘ದಿ ಫ್ರಂಟ್ ಲೈನ್’ ಈ ಕಡೆ ಬರೋದಿಲ್ಲ, ಅದು ಆ ಸಿನಿಮಾದ ಕೆಲಸವೂ ಅಲ್ಲ. ಕೊಡಗಿನವರೋ ಕೊರಿಯಾದವರೋ, ಯಾರಾದರೂ ಆ ಶಿಬಿರಗಳ ಕಥೆಯನ್ನು ಇಷ್ಟೇ ಕಾಳಜಿಯಿಂದ ತೆಗೆದರೆ ಮೊದಲ ದಿನವೇ ಹೋಗಿ ನೋಡ್ತೀನಿ.