ಓಜ್ ಕಾಡಿನ ಆ ನೆರಳು: 4ಕೆ ಡಿಸ್ಕ್‌ನಲ್ಲಿ ಒಂದು ಹಳೆಯ ವದಂತಿಯ ತಪಾಸಣೆ

ಡೊರೊಥಿ ಎಂಬ ಹುಡುಗಿ ಓಜ್ ಎಂಬ ಮಾಯಾನಾಡಿನಲ್ಲಿ ಅಲೆಯುವ ಕಥೆಯ ಹಾಲಿವುಡ್ ಚಿತ್ರ ‘ದಿ ವಿಜರ್ಡ್ ಆಫ್ ಓಜ್’ಗೆ 80 ವರ್ಷ ತುಂಬಿದ 2019ರಲ್ಲಿ ವಾರ್ನರ್ ಸಂಸ್ಥೆಯು ಅದರ 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕ್ ಹೊರತಂದಿತು. ಅದರ ಬಣ್ಣಗಳ ಬಗ್ಗೆಯೂ ಡೊರೊಥಿಯ ಕೆಂಪು ಪಾದರಕ್ಷೆಗಳ ಹೊಳಪಿನ ಬಗ್ಗೆಯೂ ಈಗಾಗಲೇ ಬೇಕಾದಷ್ಟು ಬರೆಯಲಾಗಿದೆ, ಮತ್ತು ಆ ಹೊಗಳಿಕೆ ಸುಳ್ಳಲ್ಲ. ಈ ವಿಮರ್ಶೆಯಲ್ಲಿ ಡಿಸ್ಕ್ ಅನ್ನು ಬೇರೊಂದು ಕೆಲಸಕ್ಕೆ ಹಚ್ಚಿ ನೋಡಿದ್ದೇನೆ: ಮೂರು ದಶಕಗಳಿಗೂ ಮೀರಿ ಈ ಚಿತ್ರದ ಬೆನ್ನು ಬಿಡದಿರುವ ಒಂದು ವದಂತಿಯನ್ನು ಪರೀಕ್ಷಿಸುವುದಕ್ಕೆ ಈ ಪ್ರತಿ ಎಷ್ಟರ ಮಟ್ಟಿಗೆ ಉಪಯೋಗಕ್ಕೆ ಬರುತ್ತದೆ ಎಂಬುದೇ ನನ್ನ ಪ್ರಶ್ನೆ.

ವದಂತಿ ಗೊತ್ತಿಲ್ಲದವರಿಗಾಗಿ ಅದನ್ನು ಚುಟುಕಾಗಿ ಹೇಳುತ್ತೇನೆ. ಚಿತ್ರ ಆರಂಭವಾಗಿ ಸುಮಾರು ಮುಕ್ಕಾಲು ಗಂಟೆ ಕಳೆಯುವ ಹೊತ್ತಿಗೆ ಡೊರೊಥಿ ಮತ್ತು ಬೆದರುಬೊಂಬೆ ಕಾಡಿನ ಗುಡಿಸಲೊಂದರ ಬಳಿ ತುಕ್ಕು ಹಿಡಿದು ನಿಂತ ತಗಡಿನ ಮನುಷ್ಯನಿಗೆ ಎಣ್ಣೆ ಹಾಕಿ ಎಬ್ಬಿಸುತ್ತಾರೆ. ಗುಡಿಸಲ ಮಾಡಿನ ಮೇಲೆ ಪ್ರತ್ಯಕ್ಷಳಾಗುವ ಮಾಟಗಾತಿ ಅವರತ್ತ ಬೆಂಕಿಯ ಉಂಡೆ ಎಸೆದು ಮಾಯವಾಗುತ್ತಾಳೆ. ಆಮೇಲೆ ಮೂವರೂ ಕೈಗೆ ಕೈ ಬೆಸೆದು ಹಳದಿ ಇಟ್ಟಿಗೆಯ ದಾರಿಯಲ್ಲಿ ಹಾಡುತ್ತ ದೂರ ಸಾಗುತ್ತಾರೆ. ಆ ಕೊನೆಯ ಶಾಟ್‌ನಲ್ಲಿ ಪರದೆಯ ನಡುವೆ, ಮರಗಳ ಹಿಂದೆ, ಕಪ್ಪಗಿನ ಆಕೃತಿಯೊಂದು ಚಲಿಸುತ್ತದೆ. ಮಂಚ್‌ಕಿನ್ (ಓಜ್ ನಾಡಿನ ಕುಳ್ಳ ಜನ) ಪಾತ್ರ ಮಾಡಿದ್ದ ಕುಬ್ಜ ಕಲಾವಿದನೊಬ್ಬ ಪ್ರೇಮಭಂಗದಿಂದ ಸೆಟ್ಟಿನಲ್ಲೇ ಜೀವ ಕಳೆದುಕೊಂಡನೆಂದೂ, ಕ್ಯಾಮೆರಾ ಅದನ್ನು ಸೆರೆಹಿಡಿಯಿತೆಂದೂ, ಸ್ಟುಡಿಯೊ ಅದನ್ನು ಹಾಗೇ ಬಿಟ್ಟುಬಿಟ್ಟಿತೆಂದೂ ವದಂತಿ ಹೇಳುತ್ತದೆ. ಅದೇ ಕಥೆಯ ಇನ್ನೊಂದು ರೂಪದಲ್ಲಿ ಕಲಾವಿದನ ಬದಲು ಸೆಟ್ಟಿನ ಕೆಲಸಗಾರನೊಬ್ಬ ಮರದಿಂದ ಬೀಳುತ್ತಾನೆ. ಸತ್ತವನು ಯಾರೆಂಬುದನ್ನೇ ತೀರ್ಮಾನಿಸಲಾಗದ ಕಥೆಯ ಮೇಲೆ ಅನುಮಾನ ಹುಟ್ಟುವುದಕ್ಕೆ ಅಷ್ಟೇ ಸಾಕಿತ್ತು; ಆದರೆ ವದಂತಿಗಳು ಆ ಲೆಕ್ಕಾಚಾರದಲ್ಲಿ ನಡೆಯುವುದಿಲ್ಲ.

ಡಿಸ್ಕ್‌ನಲ್ಲಿ ಕಾಣುವುದು ಹಕ್ಕಿ. ಕೊಕ್ಕರೆಯಂತೆ ಕಾಲುದ್ದದ, ಕತ್ತು ಎತ್ತಿ ನಿಂತ ದೊಡ್ಡ ಹಕ್ಕಿಯೊಂದು ಸೆಟ್ಟಿನ ತುತ್ತತುದಿಯಲ್ಲಿ ಮಗ್ಗುಲು ಬದಲಿಸಿ ರೆಕ್ಕೆ ಬಿಚ್ಚುತ್ತದೆ, ಮತ್ತೆ ಮಡಚಿಕೊಳ್ಳುತ್ತದೆ. ಫ್ರೇಮ್‌ಗಳನ್ನು ಒಂದೊಂದಾಗಿ ಮುಂದಕ್ಕೆ ಸರಿಸಿದರೆ ರೆಕ್ಕೆ ದೇಹದಿಂದ ಬೇರ್ಪಡುವ ಅಂಚು ಬೇರೆಯಾಗಿಯೇ ಕಾಣುತ್ತದೆ. ವದಂತಿ ಹೇಳುವಂತೆ ಅದು ಮರದಿಂದ ತೂಗುವ ದೇಹವಾಗಿದ್ದರೆ ಇರಬೇಕಾದ ಅತ್ತಿಂದಿತ್ತ ಓಲಾಟದ ಲಯ ಆ ಚಲನೆಯಲ್ಲಿ ಎಲ್ಲಿಯೂ ಇಲ್ಲ. ಒಳಾಂಗಣದಲ್ಲಿ ಕಟ್ಟಿದ ಕಾಡಿಗೆ ಹೊರಾಂಗಣದ ಕಳೆ ಬರಲೆಂದು ಲಾಸ್ ಏಂಜಲೀಸ್ ಮೃಗಾಲಯದಿಂದ ಹಲವು ಹಕ್ಕಿಗಳನ್ನು ಎರವಲು ತಂದು ಸೆಟ್ಟಿನೊಳಗೆ ಅಡ್ಡಾಡಲು ಬಿಟ್ಟಿದ್ದರು. ಅನುಮಾನ ಇನ್ನೂ ಉಳಿದವರು ಆ ಶಾಟ್‌ನಿಂದ ಕೆಲವು ನಿಮಿಷ ಹಿಂದಕ್ಕೆ ಹೋಗಿ, ತಗಡಿನ ಮನುಷ್ಯನಿಗೆ ಎಣ್ಣೆ ಹಾಕುವ ಭಾಗವನ್ನು ನೋಡಬೇಕು: ಗುಡಿಸಲಿನ ಹೊರಗೆ ನವಿಲೊಂದು ಯಾರ ಗೊಡವೆಯೂ ಇಲ್ಲದೆ ಸುತ್ತುತ್ತಿರುತ್ತದೆ. ಕಣ್ಣೆಲ್ಲ ನಟರ ಮೇಲಿರುವುದರಿಂದ ಮಸುಕಾದ ಹಳೆಯ ಪ್ರತಿಗಳಲ್ಲಿ ಅದು ಗಮನಕ್ಕೆ ಬರುತ್ತಿರಲಿಲ್ಲ. ಈ ಡಿಸ್ಕ್‌ನಲ್ಲಿ ಅದನ್ನು ಕಾಣದಿರುವುದೇ ಕಷ್ಟ.

ಹಾಗಾದರೆ ಇಷ್ಟು ಸ್ಪಷ್ಟವಾದ ಹಕ್ಕಿ ಅಷ್ಟು ವರ್ಷ ಮನುಷ್ಯನಂತೆ ಏಕೆ ಕಂಡಿತು? ಇದಕ್ಕೆ ಉತ್ತರ ನೋಡುಗರ ಮನಸ್ಸಿನಲ್ಲಿ ಎಷ್ಟಿದೆಯೋ ಅಷ್ಟೇ ಕ್ಯಾಸೆಟ್ಟಿನಲ್ಲೂ ಇದೆ. ಈ ಚಿತ್ರ 1956ರ ನವೆಂಬರ್ 3ರಂದು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಮೊದಲ ಬಾರಿಗೆ ಪ್ರಸಾರವಾಯಿತು. 1959ರಿಂದ ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಕೂತು ನೋಡುವ ಕಾರ್ಯಕ್ರಮವಾಯಿತು. ಆ ಕಾಲದಲ್ಲಿ ಈ ವದಂತಿಯ ಸುದ್ದಿಯೇ ಇರಲಿಲ್ಲ, ಏಕೆಂದರೆ ಪ್ರಸಾರವನ್ನು ನಿಲ್ಲಿಸಿ ಹಿಂದಕ್ಕೆ ಓಡಿಸುವ ಉಪಾಯ ಯಾರ ಕೈಯಲ್ಲೂ ಇರಲಿಲ್ಲ. 1980ರ ದಶಕದಲ್ಲಿ ಚಿತ್ರ ವಿಎಚ್‌ಎಸ್ ಕ್ಯಾಸೆಟ್ಟಿಗೆ ಬಂತು, ಚಿತ್ರವನ್ನು ತಡೆದು ನಿಲ್ಲಿಸುವ ಪಾಸ್ (pause) ಗುಂಡಿ ಮಕ್ಕಳ ಕೈಗೂ ಬಂತು. ಚಿತ್ರದ 50ನೇ ವರ್ಷದ ಕ್ಯಾಸೆಟ್ಟು ಹೊರಬಂದ 1989ರ ಆಸುಪಾಸಿನಲ್ಲಿ ವದಂತಿ ಹಬ್ಬಿತು.

ಕ್ಯಾಸೆಟ್ಟಿನ ಪಾಸ್ ಎಂಥದ್ದೆಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಸಿನಿಮಾ ಸೆಕೆಂಡಿಗೆ 24 ಫ್ರೇಮ್‌ಗಳಲ್ಲಿ ಓಡುತ್ತದೆ. ಅಮೆರಿಕದ ಟಿವಿ ವ್ಯವಸ್ಥೆ ಸೆಕೆಂಡಿಗೆ ಸುಮಾರು 60 ಅರ್ಧಚಿತ್ರಗಳಲ್ಲಿ ಓಡುತ್ತದೆ; ಇಂಥ ಎರಡು ಸೇರಿದರೆ ಟಿವಿಯ ಒಂದು ಪೂರ್ಣ ಚಿತ್ರ. ಈ ಎರಡನ್ನು ಹೊಂದಿಸುವುದಕ್ಕಾಗಿ ಒಂದು ಫ್ರೇಮನ್ನು ಎರಡು ಅರ್ಧಚಿತ್ರಗಳಿಗೂ ಮುಂದಿನದನ್ನು ಮೂರಕ್ಕೂ ಹಂಚುತ್ತಾರೆ. ಹೀಗೆ ಮಾಡಿದಾಗ ಟಿವಿಯ ಪ್ರತಿ ಐದು ಚಿತ್ರಗಳಲ್ಲಿ ಎರಡು, ಸಿನಿಮಾದ ಎರಡು ಬೇರೆ ಬೇರೆ ಫ್ರೇಮ್‌ಗಳ ಮಿಶ್ರಣವಾಗುತ್ತವೆ. ರೆಕ್ಕೆ ಅರ್ಧ ಬಿಚ್ಚಿದ ಹಕ್ಕಿಯೂ ಪೂರ್ತಿ ಬಿಚ್ಚಿದ ಹಕ್ಕಿಯೂ ಒಂದರ ಮೇಲೊಂದು ಬಿದ್ದು, ಅದರ ಮೇಲೆ ಟೇಪಿನ ಗೀಚುಗಳೂ ಸೇರಿದರೆ, ಎದುರಿಗಿರುವುದು ಯಾರೂ ಚಿತ್ರೀಕರಿಸದ ಒಂದು ಆಕೃತಿ. ಅದರಲ್ಲಿ ಕೈಕಾಲು ಹುಡುಕುವವರಿಗೆ ಕೈಕಾಲು ಸಿಗುತ್ತವೆ. ಬ್ಲೂ-ರೇಯಲ್ಲಿ (ಈ 4ಕೆ ಡಿಸ್ಕ್ ಕೂಡ ಅದೇ ಜಾತಿಯದು) ಚಿತ್ರವು 24ರ ಲೆಕ್ಕದಲ್ಲೇ ದಾಖಲಾಗಿರುತ್ತದೆ, ಆದ್ದರಿಂದ ನಿಲ್ಲಿಸಿದ ಪ್ರತಿ ಚಿತ್ರವೂ 1938-39ರಲ್ಲಿ ಕ್ಯಾಮೆರಾ ನಿಜವಾಗಿ ಕಂಡ ಒಂದು ಫ್ರೇಮ್. ನನ್ನ ದೃಷ್ಟಿಯಲ್ಲಿ ಈ ಡಿಸ್ಕ್‌ನ ಅತಿ ದೊಡ್ಡ ಗುಣ ಬಣ್ಣಕ್ಕಿಂತ ಇದೇ.

ಬಣ್ಣಕ್ಕೂ ಇದರಲ್ಲಿ ಪಾಲಿದೆ. ಈ ಚಿತ್ರಕ್ಕೆ ಬಳಸಿದ ಆ ಕಾಲದ ಬಣ್ಣದ ಕ್ಯಾಮೆರಾ, ಅಂದರೆ ಟೆಕ್ನಿಕಲರ್ ಕ್ಯಾಮೆರಾ, ಒಳಬರುವ ಬೆಳಕನ್ನು ಗಾಜಿನ ಪಟ್ಟಕದಿಂದ ಒಡೆದು ಮೂರು ಕಪ್ಪು-ಬಿಳುಪು ನೆಗೆಟಿವ್‌ಗಳ ಮೇಲೆ ಏಕಕಾಲಕ್ಕೆ ಮೂಡಿಸುತ್ತಿತ್ತು. ವರ್ಷ ಕಳೆದಂತೆ ಈ ಮೂರೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಒಂದರ ಮೇಲೊಂದು ಕೂಡಿಸುವಾಗ ಕೂದಲೆಳೆಯಷ್ಟು ಜರುಗಿದರೂ ಪ್ರತಿ ವಸ್ತುವಿನ ಅಂಚಿನಲ್ಲಿ ಬಣ್ಣದ ಮಸುಕು ಕೂತುಬಿಡುತ್ತದೆ. ಮೂರನ್ನೂ ಪ್ರತ್ಯೇಕವಾಗಿ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಸರಿಹೊಂದಿಸುವ ಕ್ರಮ 2005ರ ಡಿವಿಡಿಯ ಹೊತ್ತಿಗೇ ಬಂದಿತ್ತು. ಈ 4ಕೆ ಪ್ರತಿಗೆ 8ಕೆ ಗುಣಮಟ್ಟದ ಸ್ಕ್ಯಾನ್ ಆಧಾರವಾಗಿದೆ. ಪರಿಣಾಮವಾಗಿ ಕಾಡಿನ ಹಿನ್ನೆಲೆ ಕೈಯಿಂದ ಬರೆದ ಪರದೆಯೆಂಬುದೂ, ಅದರ ಮುಂದೆ ನಿಲ್ಲಿಸಿದ ಮರಗಳು ಸೆಟ್ಟಿನ ಮರಗಳೆಂಬುದೂ ಮುಚ್ಚುಮರೆಯಿಲ್ಲದೆ ಕಾಣುತ್ತವೆ. ಕೆಲವರಿಗೆ ಇದು ರಸಭಂಗ ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ, ಆ ಪರದೆ ಬರೆದವರ ಕುಂಚದ ಕೆಲಸವನ್ನು ನೋಡುವುದೇ ಒಂದು ಸುಖ.

ವದಂತಿಯ ವಿರುದ್ಧ ಇನ್ನೊಂದು ಸಾಕ್ಷ್ಯವಿದೆ, ಅದಕ್ಕೆ ಡಿಸ್ಕ್ ಬೇಕಿಲ್ಲ. ಕಾಡಿನ ಆ ದೃಶ್ಯವನ್ನು ಚಿತ್ರೀಕರಿಸಿದ್ದು ಮಂಚ್‌ಕಿನ್ ನಾಡಿನ ದೃಶ್ಯಗಳಿಗಿಂತ ಮೊದಲು; ಅಂದರೆ ಮಂಚ್‌ಕಿನ್ ದೃಶ್ಯಗಳ ಚಿತ್ರೀಕರಣ ಆಗಿನ್ನೂ ಶುರುವೇ ಆಗಿರಲಿಲ್ಲ. ಮೇಲಾಗಿ, ಟೆಕ್ನಿಕಲರ್ ಕ್ಯಾಮೆರಾಕ್ಕೆ ಬೇಕಾಗಿದ್ದ ಬೆಳಕು ಎಷ್ಟು ತೀವ್ರವಾಗಿತ್ತೆಂದರೆ ಸೆಟ್ಟು ಕುಲುಮೆಯಂತೆ ಕಾಯುತ್ತಿತ್ತು. ಅಂಥ ಬೆಳಕಿನಲ್ಲಿ, ಅಷ್ಟು ಜನ ಕೆಲಸಗಾರರ ನಡುವೆ, ನಡೆದದ್ದು ಯಾರ ಕಣ್ಣಿಗೂ ಬೀಳದೆ ಸಂಕಲನಕಾರರ ಮೇಜನ್ನೂ ದಾಟಿ ಥಿಯೇಟರಿಗೆ ಬಂತೆಂದು ನಂಬುವುದಕ್ಕೆ ಬಹಳ ಔದಾರ್ಯ ಬೇಕು.

ವಿಪರ್ಯಾಸವೆಂದರೆ, ಈ ಚಿತ್ರೀಕರಣದಲ್ಲಿ ನಿಜವಾಗಿ ನಡೆದ ಅನಾಹುತಗಳು ಗುಟ್ಟಾಗಿಯೇ ಇಲ್ಲ. ತಗಡಿನ ಮನುಷ್ಯನ ಪಾತ್ರಕ್ಕೆ ಮೊದಲು ಆಯ್ಕೆಯಾಗಿದ್ದ ಬಡ್ಡಿ ಎಬ್ಸೆನ್ ಮೇಕಪ್ಪಿನ ಅಲ್ಯೂಮಿನಿಯಂ ಪುಡಿ ಶ್ವಾಸಕೋಶಕ್ಕೆ ಸೇರಿ ಆಸ್ಪತ್ರೆ ಸೇರಿದರು; ಆ ಜಾಗಕ್ಕೆ ಬಂದ ಜ್ಯಾಕ್ ಹೇಲಿಗೆ ಪುಡಿಯ ಬದಲು ಲೇಪ ಬಳಿಯಲಾಯಿತು. ಮಾಟಗಾತಿಯ ಪಾತ್ರ ಮಾಡಿದ ಮಾರ್ಗರೆಟ್ ಹ್ಯಾಮಿಲ್ಟನ್ 1938ರ ಡಿಸೆಂಬರ್‌ನಲ್ಲಿ, ಮಂಚ್‌ಕಿನ್ ನಾಡಿನಿಂದ ಬೆಂಕಿ-ಹೊಗೆಯ ನಡುವೆ ಮಾಯವಾಗುವ ದೃಶ್ಯವನ್ನು ಮರುಚಿತ್ರೀಕರಿಸುವಾಗ ಮುಖಕ್ಕೂ ಕೈಗೂ ಸುಟ್ಟ ಗಾಯಗಳಾಗಿ ವಾರಗಟ್ಟಲೆ ಕೆಲಸದಿಂದ ದೂರ ಉಳಿದರು. ಚಿತ್ರದಲ್ಲಿ ಉಳಿದಿರುವುದು ಅದಕ್ಕಿಂತ ಮುಂಚಿನ, ಸುರಕ್ಷಿತವಾಗಿ ಮುಗಿದ ಟೇಕ್. ಆಕೆ ನೆಲದ ಗುಪ್ತ ಬಾಗಿಲಿನತ್ತ ಹಿಂದೆ ಸರಿಯುವುದನ್ನೂ ಕೆಂಪು ಹೊಗೆ ಮೇಲೇಳುವುದನ್ನೂ ಈ ಡಿಸ್ಕ್‌ನಲ್ಲಿ ನಿಧಾನವಾಗಿ ನೋಡುವಾಗ, ಮುಂದಿನ ಟೇಕ್‌ನಲ್ಲಿ ಏನಾಯಿತೆಂದು ತಿಳಿದವರಿಗೆ ಮೈ ಜುಮ್ಮೆನ್ನುತ್ತದೆ. ಮನಸ್ಸನ್ನು ಕಲಕುವ ಚಿತ್ರ ಈ ಸಿನಿಮಾದಲ್ಲಿ ಬೇಕೇ ಬೇಕೆನ್ನುವವರು ಹಕ್ಕಿಯನ್ನು ಬಿಟ್ಟು ಇದನ್ನು ನೋಡಲಿ.

ಇಷ್ಟೆಲ್ಲ ಹೇಳಿದ ಮೇಲೂ, ಪಾಸ್ ಗುಂಡಿ ಒತ್ತಿ ಹುಡುಕುವವರನ್ನು ನಾನು ಹಳಿಯಲಾರೆ, ಏಕೆಂದರೆ ಇಂಥ ವದಂತಿಗಳಲ್ಲಿ ಒಂದು ನಿಜವಾಗಿತ್ತು. ಡಿಸ್ನಿ ಸಂಸ್ಥೆ 1977ರ ತನ್ನ ‘ದಿ ರೆಸ್ಕ್ಯೂಅರ್ಸ್’ ಕಾರ್ಟೂನ್ ಚಿತ್ರದ ಸುಮಾರು 34 ಲಕ್ಷ ಕ್ಯಾಸೆಟ್ಟುಗಳನ್ನು 1999ರ ಜನವರಿಯಲ್ಲಿ ತಾನಾಗಿಯೇ ಹಿಂದಕ್ಕೆ ಕರೆಸಿಕೊಂಡಿತು. ಇಲಿಗಳೆರಡು ಹಕ್ಕಿಯ ಬೆನ್ನೇರಿ ಹಾರುವ ದೃಶ್ಯದಲ್ಲಿ, ಹಿನ್ನೆಲೆಯ ಕಟ್ಟಡದ ಕಿಟಕಿಯಲ್ಲಿ, ಎರಡು ಬಿಡಿ ಫ್ರೇಮ್‌ಗಳಲ್ಲಿ ಅರೆನಗ್ನ ಮಹಿಳೆಯ ಫೋಟೊ ಸೇರಿಕೊಂಡಿತ್ತು. ಸೆಕೆಂಡಿನ 24ನೇ ಒಂದು ಭಾಗ ಮಾತ್ರ ಇರುವ ಫ್ರೇಮ್ ಓಡುವ ಚಿತ್ರದಲ್ಲಿ ಕಣ್ಣಿಗೆ ಸಿಗುವಂಥದ್ದಲ್ಲ, ಹಾಗಾಗಿ ಥಿಯೇಟರಿನ ಕಾಲದಲ್ಲಿ ಅದು ಬಚ್ಚಿಟ್ಟುಕೊಳ್ಳಬಲ್ಲದಾಗಿತ್ತು. ಇದರ ಪಕ್ಕದಲ್ಲಿ 1987ರ ‘ತ್ರೀ ಮೆನ್ ಅಂಡ್ ಎ ಬೇಬಿ’ ಚಿತ್ರದ ಪರದೆ ಹಿಂದಿನ ‘ಪ್ರೇತ ಬಾಲಕ’ನನ್ನು ಇಟ್ಟು ನೋಡಿ: ಅದು ಪಾತ್ರಧಾರಿ ಟೆಡ್ ಡ್ಯಾನ್ಸನ್ ಅವರ ಆಳೆತ್ತರದ ರಟ್ಟಿನ ಪ್ರತಿಕೃತಿ. ಬಾಲಕ ಸತ್ತನೆಂದು ಹೇಳಲಾದ ಮನೆಯೂ ಮನೆಯಲ್ಲ, ಟೊರೊಂಟೊದ ಸ್ಟುಡಿಯೊ ಒಂದರಲ್ಲಿ ಕಟ್ಟಿದ ಸೆಟ್ಟು. ‘ದಿ ಲಯನ್ ಕಿಂಗ್’ ಚಿತ್ರದ ಧೂಳಿನಲ್ಲಿ ಅಕ್ಷರ ಓದಿದವರ ಗೋಜಿಗೆ ನಾನು ಹೋಗುವುದಿಲ್ಲ. ಧೂಳಿನಲ್ಲಿ ಅವರವರಿಗೆ ಬೇಕಾದದ್ದು ಕಾಣುತ್ತದೆ.

ನಿಜವಾದ ಪ್ರಕರಣಕ್ಕೂ ಉಳಿದವುಗಳಿಗೂ ಇರುವ ವ್ಯತ್ಯಾಸ ಒಳ್ಳೆಯ ಪ್ರತಿಯಲ್ಲಿ ತಾನಾಗಿ ಬಯಲಾಗುತ್ತದೆ. ಚಿತ್ರ ಸ್ಪಷ್ಟವಾದಷ್ಟೂ ‘ರೆಸ್ಕ್ಯೂಅರ್ಸ್’ನ ಫೋಟೊ ಹೆಚ್ಚು ಫೋಟೊವಾಗುತ್ತದೆ, ಓಜ್ ಕಾಡಿನ ಆಕೃತಿ ಹೆಚ್ಚು ಹಕ್ಕಿಯಾಗುತ್ತದೆ. ಅಂತರ್ಜಾಲದಲ್ಲಿ ಹರಿದಾಡುವ ಓಜ್ ತುಣುಕೊಂದರಲ್ಲಿ ಮನುಷ್ಯಾಕೃತಿ ಮರದಿಂದ ತೂಗುವುದು ನಿಚ್ಚಳವಾಗಿ ಕಾಣುತ್ತದೆಯಲ್ಲ ಎಂದು ಕೇಳುವವರಿಗೆ ಹೇಳಬೇಕಾದದ್ದಿಷ್ಟೇ: ಅದು ಹಕ್ಕಿಯನ್ನು ಅಳಿಸಿ ತಿದ್ದಿದ ತುಣುಕು, ಮತ್ತು ಮೂಲ ಡಿಸ್ಕ್ ಪಕ್ಕದಲ್ಲಿದ್ದರೆ ಎರಡನ್ನೂ ಹೋಲಿಸಲು ಅರ್ಧ ನಿಮಿಷ ಸಾಕು.

ಉತ್ಪನ್ನವಾಗಿ ಕೊರತೆಗಳೂ ಇವೆ. 4ಕೆ ಡಿಸ್ಕ್‌ಗೆ ಅದಕ್ಕೆ ತಕ್ಕ ಪ್ಲೇಯರ್ರೂ ಟಿವಿಯೂ ಬೇಕು, ಅವಿಲ್ಲದವರಿಗೆ ಪೆಟ್ಟಿಗೆಯಲ್ಲಿ ಜೊತೆಗೆ ಬರುವ ಮಾಮೂಲಿ ಬ್ಲೂ-ರೇ ಡಿಸ್ಕ್ ಒಂದೇ ಗತಿ. ಹೆಚ್ಚುವರಿ ಸಾಮಗ್ರಿಯ ಬಹುಪಾಲು ಇರುವುದೂ ಅದರಲ್ಲೇ. ಫ್ರೇಮ್‌ಗಳನ್ನು ಒಂದೊಂದಾಗಿ ಸರಿಸುವ ಸೌಲಭ್ಯ ಡಿಸ್ಕ್‌ನದಲ್ಲ, ಪ್ಲೇಯರಿನದು. ಕೊಳ್ಳುವ ಮುನ್ನ ರಿಮೋಟಿನಲ್ಲಿ ಆ ಗುಂಡಿ ಇದೆಯೇ ಎಂದು ನೋಡಿಕೊಳ್ಳುವುದು ಮೇಲು. ಸ್ಟ್ರೀಮಿಂಗ್‌ನಲ್ಲಿ ಇದೇ ಕೆಲಸ ಮಾಡಹೊರಟರೆ ನಿಲ್ಲಿಸಿದ ಕೂಡಲೇ ಪರದೆಯ ಮೇಲೆ ಗುಂಡಿಗಳ ಸಾಲು ಬಂದು ಕೂರುತ್ತದೆ, ಕತ್ತಲೆಯ ಭಾಗಗಳು ಚೌಕ ಚೌಕವಾಗಿ ಒಡೆಯುತ್ತವೆ, ಹಕ್ಕಿ ಮತ್ತೆ ಕ್ಯಾಸೆಟ್ಟಿನ ಕಾಲಕ್ಕೆ ಮರಳುತ್ತದೆ.

ಮಕ್ಕಳೊಂದಿಗೆ ನೋಡುವವರು ವದಂತಿಯನ್ನು ಮೊದಲೇ ಹೇಳದಿದ್ದರೆ ಒಳಿತು. ಹೇಳಿದರೆ ಆ ಶಾಟ್ ಬರುವವರೆಗೆ ಅವರು ಚಿತ್ರವನ್ನೇ ನೋಡುವುದಿಲ್ಲ, ಬಂದ ಮೇಲೆ ಹಕ್ಕಿಯನ್ನು ನೋಡುವುದಿಲ್ಲ. ಹೊರಗೆ ಕೇಳಿ ಬಂದು ಹೆದರಿದ ಮಗುವಿದ್ದರೆ ಮಾತ್ರ ಈ ಡಿಸ್ಕ್ ಔಷಧಿಯಂತೆ ಕೆಲಸ ಮಾಡುತ್ತದೆ: ಮೊದಲು ನವಿಲನ್ನು ತೋರಿಸಿ, ಆಮೇಲೆ ದೊಡ್ಡ ಹಕ್ಕಿಯನ್ನು ಆ ಮಗುವೇ ಹುಡುಕಲಿ.

2009ರ ಬ್ಲೂ-ರೇ ಈಗಾಗಲೇ ಕಪಾಟಿನಲ್ಲಿರುವವರು ಹಕ್ಕಿಯೊಂದಕ್ಕಾಗಿ ಹೊಸದನ್ನು ಕೊಳ್ಳಬೇಕಿಲ್ಲ, ಅದರಲ್ಲೂ ರೆಕ್ಕೆ ಕಾಣುತ್ತದೆ. ಡಿವಿಡಿ ಅಥವಾ ಹಳೆಯ ಕ್ಯಾಸೆಟ್ಟಿನಲ್ಲೇ ಉಳಿದವರಿಗೆ, ದೊಡ್ಡ ಪರದೆ ಇದ್ದವರಿಗೆ, ಟೆಕ್ನಿಕಲರ್ ಕ್ಯಾಮೆರಾ ಕಂಡದ್ದನ್ನು ಕಂಡ ಹಾಗೆಯೇ ನೋಡಬೇಕೆನ್ನುವವರಿಗೆ ಈ 4ಕೆ ಪ್ರತಿಯನ್ನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ.